ಬೀಗ ಹಾಕಿದ ಮನೆಯ ಒಳಗಿನವರು

ಕೊಟ್ರಮ್ಮನನ್ನು ಕಂಡರೆ ಬಿಳಿಚೋಡಿನ ನಾಯಿಗಳು ಬೊಗಳುವುದಿಲ್ಲ. ಹನ್ನೆರಡು ವರ್ಷಗಳಿಂದ ತಿಂಗಳಿಗೊಮ್ಮೆ ಮನೆಮನೆಯ ಕರೆಂಟ್ ಮೀಟರ್ ನೋಡಿ, ಹೆಗಲ ಚೀಲದ ಯಂತ್ರದಿಂದ ಬಿಲ್ಲು ಹರಿದುಕೊಟ್ಟು ಹೋಗುವ ಈ ಹೆಂಗಸನ್ನು ಅವು ಗಾಳಿ ಬಿಸಿಲುಗಳ ಸಾಲಿಗೆ ಸೇರಿಸಿಬಿಟ್ಟಿವೆ. ಒಂದು ದೊಡ್ಡ ಊರು, ಸುತ್ತಲಿನ ಐದು ಹಟ್ಟಿ, ಒಂದು ಹಳೆಯ ಮೊಪೆಡ್, ನಲವತ್ತೆರಡರ ವಯಸ್ಸು. ತನ್ನ ಬಗ್ಗೆ ಹೇಳಲು ಇಷ್ಟು ಸಾಕೆಂದು ಅವಳೇ ಅಂದುಕೊಂಡಿದ್ದಾಳೆ.

ಮೀಟರ್ ಪೆಟ್ಟಿಗೆಗಳ ಬಗ್ಗೆ ಕೇಳಿದರೆ ಮಾತ್ರ ಮಾತು ನಿಲ್ಲುವುದಿಲ್ಲ. ಮನೆಯವರು ವರ್ಷಗಟ್ಟಲೆ ಕೈ ಹಾಕದ ಜಾಗಗಳವು. ಅಲ್ಲಿ ಹಲ್ಲಿ ಮೊಟ್ಟೆ ಇಡುತ್ತದೆ, ಕಡಜ ಮಣ್ಣು ತಂದು ಗೂಡು ಕಟ್ಟುತ್ತದೆ, ಚಳಿಗಾಲದಲ್ಲಿ ಹಾವುರಾಣಿ ಬಂದು ಮಲಗುತ್ತದೆ. ಕೊಟ್ರಮ್ಮ ಪೆಟ್ಟಿಗೆ ತೆರೆಯುವ ಮುಂಚೆ ಪೆನ್ನಿನಿಂದ ಎರಡು ಸಲ ತಟ್ಟುತ್ತಾಳೆ. ಯಾರ ಮನೆಗೇ ಆಗಲಿ, ಹೇಳದೆ ಕೇಳದೆ ಹೋಗಬಾರದು ಎಂಬುದು ಅವಳ ರೂಢಿ. ಹಾವುರಾಣಿ ಕಂಡು ಮನೆಯವರು ಚಪ್ಪಲಿ ಎತ್ತಿದರೆ, ಅದನ್ನು ಬಿಲ್ಲಿನ ಕಾಗದದ ಮೇಲೆ ಹತ್ತಿಸಿಕೊಂಡು ಬೇಲಿಗೆ ಬಿಟ್ಟು ಬರುತ್ತಾಳೆ.

"ಇದಕ್ಕೆ ವಿಷನೇ ಇಲ್ಲ ಕಣ್ರೀ. ಹೆಸರು ದೊಡ್ಡದು, ಅಷ್ಟೆ."

ಊರವರು ಅವಳಿಗಿಟ್ಟ ಹೆಸರು ಗೂಬೆ ಕೊಟ್ರಮ್ಮ. ಎದುರಿಗೇ ಕರೆಯುತ್ತಾರೆ. ಅವಳ ಗಂಡ ದುರುಗಣ್ಣ ಜಗಳೂರು–ದಾವಣಗೆರೆ ನಡುವೆ ಖಾಸಗಿ ಬಸ್ಸು ಓಡಿಸುತ್ತಾನೆ. "ನಮ್ಮನೆಯಾಕೆ ದೇವಸ್ಥಾನಕ್ಕೆ ಬಂದ್ರೂ ದೇವ್ರಿಗೆ ಕೈ ಮುಗಿಯೋದು ಆಮೇಲೆ. ಮೊದ್ಲು ಗೋಪುರದ ಸಂದೀಲಿ ಗೂಬೆ ಐತಾ ನೋಡ್ತಾಳೆ" ಎಂದು ಕಂಡಕ್ಟರನಿಗೆ ಹೇಳಿ ನಗುತ್ತಾನೆ.

ಅವಳು ಹುಟ್ಟುವಾಗಲೇ ಗೂಬೆಯ ಪರ ಇದ್ದವಳಲ್ಲ. ಮದುವೆಯಾದ ಮರುವರ್ಷ, ಅವಳು ಏಳು ತಿಂಗಳ ಬಸುರಿಯಾಗಿದ್ದಾಗ, ಮನೆಯ ಹಿಂದಿನ ಹುಣಸೆ ಮರದಲ್ಲಿ ಮೂರು ಸಂಜೆ ಒಂದು ಗೂಬೆ ಕೂತು ಕೂಗಿತು. ಅತ್ತೆ ಬಾಗಿಲಿಗೆ ಬೇವು ಕಟ್ಟಿದರು, ಐನೋರನ್ನು ಕರೆಸಿದರು, ಮರಕ್ಕೆ ಕಲ್ಲು ಹೊಡೆಸಿದರು. ನಾಲ್ಕನೆಯ ದಿನ ಹುಟ್ಟಿದ ಮಗುವಿಗೆ ಉಸಿರಿರಲಿಲ್ಲ. ಗೂಬೆಯೇ ತಿಂದುಕೊಂಡಿತು ಎಂದು ಎಲ್ಲರೂ ಅಂದರು. ಕೊಟ್ರಮ್ಮನೂ ಅಂದಳು. ಎರಡು ವರ್ಷದ ಮೇಲೆ ಮಗಳು ಕಲ್ಪನಾ ಹುಟ್ಟಿದರೂ, ಸಂಜೆ ಹೊತ್ತು ಹುಣಸೆಯ ಕಡೆ ನೋಡುವಾಗ ಅವಳ ಕೈ ತಾನಾಗಿ ಕಲ್ಲು ಹುಡುಕುತ್ತಿತ್ತು.

ಈ ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಒಂದು ದಿನ, ಮೆಕ್ಕೆಜೋಳದ ಗೋದಾಮಿನ ಮೀಟರ್ ಓದಲು ಒಳಗೆ ಹೋದಳು. ಕತ್ತಲು ಕಣ್ಣಿಗೆ ಹೊಂದಿಕೊಂಡಾಗ ತೊಲೆಯ ಮೇಲೆ ಒಂದು ಬಿಳಿ ಮುಖ ಕಂಡಿತು. ವೀಳ್ಯದೆಲೆಯ ಆಕಾರದ ಮುಖ, ಅದರಲ್ಲಿ ಎರಡು ಕಪ್ಪು ಕಣ್ಣು. ಕೊಕ್ಕಿನಲ್ಲಿ ಇಲಿ ಇತ್ತು. ಹಿಂದೆ ಬೂದಿ ಬಣ್ಣದ ಮೂರು ಮರಿಗಳು ಬಾಯಿ ತೆರೆದು ಬುಸುಗುಡುತ್ತಿದ್ದವು. ತಾಯಿ ಅವಳನ್ನೇ ನೋಡುತ್ತಾ ನಿಂತಿತು. ಓಡಿಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಇವಳಿಂದ ಅಪಾಯವಿಲ್ಲವೆಂದು ತೀರ್ಮಾನಿಸಿದಂತೆ ತಿರುಗಿ, ಮರಿಯ ಬಾಯಿಗೆ ಇಲಿ ಕೊಟ್ಟಿತು. ಆ ದಿನ ಕೊಟ್ರಮ್ಮ ಎಷ್ಟು ಹೊತ್ತು ಅಲ್ಲಿ ನಿಂತಿದ್ದಳೋ ಅವಳಿಗೇ ನೆನಪಿಲ್ಲ. ಮನೆಗೆ ಬಂದು ಗಂಡನಿಗೆ ಇಷ್ಟೇ ಹೇಳಿದಳು: "ಅದಕ್ಕೂ ಮಕ್ಕಳವೆ ಕಣ್ರೀ."

ಅಲ್ಲಿಂದ ಶುರುವಾಯಿತು. ಆ ಬಿಳಿ ಮುಖದ ಕಣಜಗೂಬೆ ಎಲ್ಲೆಲ್ಲಿ ವಾಸವಿದೆ, ಯಾವ ಪಾಳು ಮನೆಯಲ್ಲಿ, ಯಾವ ಬಾವಿಯ ಗೋಡೆಯಲ್ಲಿ ಎಂಬುದೆಲ್ಲ ಈಗ ಅವಳಿಗೆ ಗೊತ್ತು. ಗೂಬೆ ಉಗುಳಿದ ಉಂಡೆಗಳನ್ನು ಆರಿಸಿ ತಂದು, ನೀರಲ್ಲಿ ನೆನೆಸಿ ಬಿಡಿಸುತ್ತಾಳೆ. ಒಳಗೆ ಸಿಗುವ ಇಲಿ ಬುರುಡೆಗಳನ್ನು ತೊಳೆದು ಒಣಗಿಸಿ ಒಂದು ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ಗೂಬೆಗೆ ಕಲ್ಲು ಹೊಡೆಯಲು ಹೊರಟವರಿಗೆ ಆ ಡಬ್ಬಿ ತೆರೆದು ತೋರಿಸುತ್ತಾಳೆ. "ನಿಮ್ಮ ಜೋಳ ತಿಂದವು ಇವು. ಇವನ್ನ ತಿಂದಿದ್ದು ಅದು. ಈಗ ಯಾರಿಗೆ ಹೊಡೀತೀರಿ, ಹೇಳ್ರಿ."

ಕಳೆದ ಕಾರ್ತಿಕದಲ್ಲಿ ವಿರೂಪಾಕ್ಷಪ್ಪನವರ ಮನೆಗೆ ಗೂಬೆ ಹೊಕ್ಕಿತು.

ವಿರೂಪಾಕ್ಷಪ್ಪ ಜೋಳ, ಶೇಂಗಾ ವ್ಯಾಪಾರದವರು. ಪಂಚಾಂಗ ನೋಡದೆ ಗಾಡಿಗೆ ಗ್ರೀಸ್ ಕೂಡ ಹಚ್ಚದವರು. ಹಳೆಯ ಮಾಳಿಗೆ ಮನೆ. ಹಿಂದಿನ ಕೋಣೆಯಲ್ಲಿ ಜೋಳದ ಚೀಲ, ಅದರ ಮೇಲೆ ಯಾರೂ ಹತ್ತದ ಅಟ್ಟ, ಅಟ್ಟದ ಮೇಲೆ ಬೆಳಕಿಗೆಂದು ಮಾಳಿಗೆಯಲ್ಲಿ ಬಿಟ್ಟ ಚೌಕದ ಗವಾಕ್ಷಿ. ಸೋಮವಾರ ದೀಪ ಹಚ್ಚುವ ಹೊತ್ತಿಗೆ, ಕಾಗೆಗಳು ಅಟ್ಟಿಸಿಕೊಂಡು ಬಂದ ಗೂಬೆಯೊಂದು ತಲೆಬಾಗಿಲಿನಿಂದ ನುಗ್ಗಿ, ದೇವರ ಕೋಣೆಯ ಬಾಗಿಲ ಮೇಲೆ ಕೂತುಬಿಟ್ಟಿತು. ಸೊಸೆ ಹೇಮಾವತಿಗೆ ಏಳು ತಿಂಗಳು. ಅವಳೇ ಮೊದಲು ನೋಡಿದ್ದು.

ಗೂಬೆ ಹೊಕ್ಕ ಮನೆಯಲ್ಲಿ ಇರಬಾರದು. ಆರು ತಿಂಗಳು ಬೀಗ ಹಾಕಿ, ಆಮೇಲೆ ಶಾಂತಿ ಮಾಡಿಸಿ ಒಳಗೆ ಬರಬೇಕು. ಇದು ಆ ಸೀಮೆಯ ಕಟ್ಟಳೆ. ಎಲ್ಲರೂ ಗಾಬರಿಯಲ್ಲಿ ಪಾತ್ರೆ ಹಾಸಿಗೆ ಹೊರಗೆ ಸಾಗಿಸುವಾಗ, ಗೂಬೆ ಹಿಂದಿನ ಕೋಣೆಗೆ ಹಾರಿ ಗವಾಕ್ಷಿಯಿಂದ ಹೊರಗೆ ಹೋಯಿತು. ಅದನ್ನು ಕಂಡ ವಿರೂಪಾಕ್ಷಪ್ಪ ತಾವೇ ಮಾಳಿಗೆ ಹತ್ತಿ, ಮತ್ತೆ ಬರದಿರಲೆಂದು ಗವಾಕ್ಷಿಗೆ ಚಪ್ಪಡಿ ಕಲ್ಲು ಮುಚ್ಚಿ, ಸುತ್ತ ಕೆಸರು ಮೆತ್ತಿದರು. ಆಮೇಲೆ ತಲೆಬಾಗಿಲಿಗೆ ಬೀಗ ಹಾಕಿ, ಎರಡು ಓಣಿ ಆಚೆ ತಮ್ಮನ ಮನೆಯ ಮಹಡಿಗೆ ಹೋದರು.

ಬುಧವಾರ ಬೆಳಿಗ್ಗೆ ಕೊಟ್ರಮ್ಮ ಮೀಟರ್ ಓದಲು ಬಂದಾಗ ಬೀಗಕ್ಕೆ ಅರಿಶಿನದ ದಾರ ಸುತ್ತಿತ್ತು. ಪಕ್ಕದ ಮನೆಯ ಚಿತ್ತಪ್ಪ ತನ್ನ ಕಟ್ಟೆಯಿಂದಲೇ ಎಚ್ಚರಿಸಿದ.

"ದೂರದಿಂದ್ಲೇ ಓದ್ಕೊಂಡು ಹೋಗಮ್ಮ. ಒಳಗೆ ನಾಗಪ್ಪ ಸೇರ್ಕಂಡೈತೆ."

"ನೀವು ನೋಡಿದ್ರಾ?"

"ನೋಡಾಕೆ ಒಳಗೆ ಹೋಗ್ಬೇಕಲ್ಲ. ಕಿವಿ ಇಲ್ವಾ? ಗೂಬೆ ಹೊಕ್ಕ ಮನೆಗೆ ಹಾವು ಹಿಂದಿಂದೇ ಬರ್ತೈತಂತೆ. ಎರಡು ದಿನದಿಂದ ಬುಸ್ಸಂತೈತೆ. ಮೊನ್ನೆ ಬಾಳ ಜೋರಿತ್ತು. ಇವತ್ತು ಪಾಪ, ಸುಸ್ತಾದಂಗೈತೆ."

ಕೊಟ್ರಮ್ಮ ಪೆನ್ನನ್ನು ಜೇಬಿಗೆ ಹಾಕಿ ಹಿಂದಿನ ಗೋಡೆಗೆ ಕಿವಿ ಹಚ್ಚಿದಳು. ಸದ್ದು ಸಣ್ಣಗಿತ್ತು. ಒಂದು ಎಳೆದು ನಿಲ್ಲಿಸಿದರೆ ಇನ್ನೊಂದು ಹಿಡಿಯುತ್ತಿತ್ತು. ಹಾವಿಗೆ ಹಾಗೆ ಸರದಿ ಇರುವುದಿಲ್ಲ. ಗೋದಾಮಿನಲ್ಲಿ ಗೂಬೆ ಮರಿಗಳಿಂದ ಕೇಳಿದ ದಿನದಿಂದ ಅವಳು ಆ ಸದ್ದನ್ನು ಮರೆತಿರಲಿಲ್ಲ.

"ಚಿತ್ತಪ್ಪಣ್ಣ, ನಿಮ್ಮ ತಾರಸಿಯಿಂದ ಈ ಮಾಳಿಗೆ ಕಾಣ್ತೈತಾ?"

"ಕಾಣ್ತೈತೆ. ಅದೂ ಹೇಳ್ಬೇಕಂತಿದ್ದೆ. ಯಾರೋ ಮಾಟ ಮಾಡ್ಸ್ಯಾರೆ. ಆ ಕಲ್ಲಿನ ಮೇಲೆ ದಿನಾ ಬೆಳಿಗ್ಗೆ ಸತ್ತ ಇಲಿ ಇಟ್ಟಿರ್ತಾರೆ."

ಅವಳು ತಾರಸಿ ಹತ್ತಿ ನೋಡಿದಳು. ಚಪ್ಪಡಿಯ ಮೇಲೆ ಐದು ಇಲಿಗಳು ಬಿದ್ದಿದ್ದವು. ಎರಡು ಒಣಗಿದ್ದವು, ಮೂರು ಹೊಸವು. ಕಲ್ಲಿನ ಅಂಚಿಗೆ ಮೆತ್ತಿದ ಮಣ್ಣಿನಲ್ಲಿ ಉಗುರಿನ ಗೀರುಗಳಿದ್ದವು. ತಾಯಿಗೂಬೆ, ತಂದೆಗೂಬೆ ಎರಡೂ ರಾತ್ರಿಯೆಲ್ಲ ಊಟ ತಂದು ತಂದು, ಬಾಗಿಲು ಸಿಗದೆ ಹೊಸ್ತಿಲಲ್ಲೇ ಇಟ್ಟು ಹೋಗಿದ್ದವು.

ಅರಣ್ಯ ಇಲಾಖೆಯ ಪರಿಚಯದ ಗಾರ್ಡಿಗೆ ಫೋನ್ ಮಾಡಿದಳು. ಆತ ರಂಗಯ್ಯನದುರ್ಗದ ಕಾಡಿನೊಳಗಿದ್ದ. "ನಾಳೆ ಬರ್ತೀನಿ ಅಕ್ಕ. ಮನೆಯವ್ರು ಒಪ್ಪಿದ್ರೆ ಇವತ್ತೇ ಕಲ್ಲು ಸರಿಸಿಬಿಡ್ರಿ. ಮರಿ ಮುಟ್ಟಬ್ಯಾಡ್ರಿ, ತಾಯಿ ನೋಡ್ಕಂತೈತೆ" ಎಂದ. ನಾಳೆಯವರೆಗೆ ಆ ಸದ್ದು ಉಳಿಯುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ. ಉಳಿದ ಮನೆಗಳ ಬಿಲ್ಲು ಹಾಗೇ ಬಿಟ್ಟು ಎರಡು ಓಣಿ ದಾಟಿದಳು.

ಮಹಡಿಯ ಮೇಲೆ ವಿರೂಪಾಕ್ಷಪ್ಪ ತಿಂಡಿಗೆ ಕೂತಿದ್ದರು. ಹೆಂಡತಿ ನಿರ್ಮಲಮ್ಮ ಬಡಿಸುತ್ತಿದ್ದರು. ಹೇಮಾವತಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಕೊಟ್ರಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ನಿಮ್ಮ ಅಟ್ಟದಲ್ಲಿ ಗೂಬೆ ಮರಿ ಮಾಡಿದೆ, ಮೊನ್ನೆಯಿಂದ ಅವು ಉಪವಾಸ ಇವೆ, ಕಲ್ಲೊಂದು ಸರಿಸಿಕೊಟ್ಟರೆ ಸಾಕು.

"ಆರು ತಿಂಗಳು ಆ ಮನೆ ಕಡೆ ತಿರುಗಿ ನೋಡಂಗಿಲ್ಲ" ಎಂದರು ವಿರೂಪಾಕ್ಷಪ್ಪ, ತಟ್ಟೆಯಿಂದ ತಲೆ ಎತ್ತದೆ.

ಆಗ ಕೊಟ್ರಮ್ಮ ತಪ್ಪು ಮಾಡಿದಳು. ಗೋದಾಮಿನವರಿಗೆ, ರೈತರಿಗೆ ತೋರಿಸಿ ತೋರಿಸಿ ರೂಢಿಯಾಗಿದ್ದ ಕೈ ಚೀಲಕ್ಕೆ ಹೋಯಿತು. ಡಬ್ಬಿ ತೆರೆದು, "ನೋಡ್ರಿ, ವರ್ಷಕ್ಕೆ ನಿಮ್ಮ ಜೋಳ ಎಷ್ಟು ಉಳಿಸೈತೆ" ಎಂದು ನೆಲದ ಮೇಲಿಟ್ಟಳು. ಒಳಗಿದ್ದ ಬುರುಡೆಗಳು ಗಲಗಲ ಎಂದವು.

ನಿರ್ಮಲಮ್ಮನ ಕೈಯ ಸೌಟು ನಿಂತಿತು. "ಬಸುರಿ ಹೆಂಗ್ಸಿನ ಮುಂದೆ ಮೂಳೆ ತಂದಿಡ್ತೀಯಲ್ಲ, ನಿಂಗೇನು ಬುದ್ಧಿ ಐತಾ? ಗೂಬೆ ಸಾವಾಸ ಮಾಡಿದ್ದಕ್ಕೆ ನಿನ್ನ ಚೊಚ್ಚಲು ಏನಾಯ್ತು ಅಂತ ಊರಿಗೇ ಗೊತ್ತು."

ಅಂದಿದ್ದು ಹೆಚ್ಚಾಯಿತೆಂದು ನಿರ್ಮಲಮ್ಮನಿಗೂ ಗೊತ್ತಾಗಿ, ಅವರು ಬಾಗಿ ಸುಮ್ಮನೆ ಪಾತ್ರೆ ಸರಿಸಿದರು. ಕೊಟ್ರಮ್ಮ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.

"ಆವಾಗ ನಂಗೆ ಗೂಬೆ ಸಾವಾಸನೇ ಇರ್ಲಿಲ್ಲ ಅಕ್ಕಾರೆ" ಎಂದಳು. ದನಿ ಏರಲಿಲ್ಲ. "ಕಾಲು ಬಾತಿದ್ವು. ತಲೆನೋವು, ಕಣ್ಣು ಮಂಜು. ಹೇಳಿದೆ. ಎಲ್ರೂ ಗೂಬೆ ಓಡ್ಸಾದ್ರಾಗೆ ಇದ್ರು, ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗ್ತಾರೆ? ಬಾಳ ವರ್ಷ ಆದ್ಮೇಲೆ ಜಗಳೂರಿನ ನರ್ಸಮ್ಮನ ಹತ್ರ ಕೇಳಿದೆ. ಬಿ.ಪಿ. ಏರಿತ್ತು ಕಣಮ್ಮ, ಆವತ್ತೇ ಬಂದಿದ್ರೆ ಆಗ್ತಿತ್ತು ಅಂದ್ರು. ಅದರ ಪಾಡಿಗೆ ಅದು ಮರದಾಗೆ ಕೂತಿತ್ತು. ನಾವು ಅದನ್ನ ನೋಡಿದ್ವಿ, ನನ್ನ ಕಾಲು ನೋಡ್ಲಿಲ್ಲ."

ಇಷ್ಟನ್ನು ಅವಳು ಗಂಡನನ್ನು ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಅಲ್ಲಿ ನಿಲ್ಲುವುದು ಬೇಡವೆನ್ನಿಸಿ ಎದ್ದಳು.

"ಎಷ್ಟು ಮರಿ?" ಎಂದಳು ಹೇಮಾವತಿ.

"ಸದ್ದಿನ ಮೇಲೆ ಮೂರೋ ನಾಲ್ಕೋ."

ಹೇಮಾವತಿ ನ್ಯಾಮತಿಯ ಹುಡುಗಿ. ಮದುವೆಗೆ ಮುಂಚೆ ಎರಡು ವರ್ಷ ಹೈಸ್ಕೂಲಿನಲ್ಲಿ ಲೆಕ್ಕದ ಪಾಠ ಹೇಳಿದ್ದವಳು. ಅವಳು ಮಾವನ ಕಡೆ ತಿರುಗಿದಳು.

"ಮಾವ, ಆರು ತಿಂಗಳ ಲೆಕ್ಕ ಯಾವಾಗಿಂದ?"

"ಸೋಮವಾರದಿಂದ."

"ಗೂಬೆ ಮನೆ ಬಿಟ್ಟು ಹೋದ ದಿನದಿಂದ ಅಲ್ವಾ?"

"ಹೂಂ. ಸೋಮವಾರನೇ ಹೋಯ್ತಲ್ಲ, ಕಣ್ಣಾರೆ ನೋಡಿ ಕಲ್ಲು ಮುಚ್ಚೀನಿ."

"ಒಂದು ಹೋಯ್ತು. ಮೂರೋ ನಾಲ್ಕೋ ಒಳಗೇ ಅವೆ. ಮನೇಲಿ ಗೂಬೆ ಇಟ್ಕೊಂಡು ಬೀಗ ಹಾಕಿದ್ರೆ ಲೆಕ್ಕ ಶುರುನೇ ಆಗಿಲ್ಲ. ಅವು ಒಳಗೇ ಸತ್ರೆ ಆಮೇಲೆ ಯಾವ ಲೆಕ್ಕ ಹಿಡೀಬೇಕು, ಅದನ್ನೂ ಪಂಚಾಂಗದಾಗೆ ನೋಡ್ರಿ."

ವಿರೂಪಾಕ್ಷಪ್ಪ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಟ್ಟೆಗೆ ಇಟ್ಟರು. ಮೂವತ್ತು ವರ್ಷದಿಂದ ಊರವರಿಗೆ ತಿಥಿ ಗಳಿಗೆ ಹೇಳಿದವರು. ಮನೆಯಲ್ಲೇ ಲೆಕ್ಕ ತಪ್ಪಿತ್ತು. ಗೋಡೆಯ ಮೊಳೆಗೆ ತೂಗುಹಾಕಿದ್ದ ಪಂಚಾಂಗವನ್ನು ನೋಡಿದರು, ತೆಗೆಯಲಿಲ್ಲ. ಅದರಲ್ಲಿ ಇದಕ್ಕೆ ಉತ್ತರವಿಲ್ಲವೆಂದು ಅವರಿಗೆ ಗೊತ್ತಿತ್ತು.

"ಬಾಗಿಲು ತೆಗೆಯಂಗಿಲ್ಲ" ಎಂದರು ಕೊನೆಗೆ. "ಮೇಲಿಂದ ಕಲ್ಲು ಮಾತ್ರ."

"ನಂಗೆ ಬಾಗಿಲು ಬ್ಯಾಡ್ರಿ" ಎಂದಳು ಕೊಟ್ರಮ್ಮ.

"ಅವು ಎಲ್ಲಾ ಹೋದ ದಿನ ನೀನೇ ನೋಡಿ ಹೇಳ್ಬೇಕು. ನನ್ನ ಲೆಕ್ಕ ಅಲ್ಲಿಂದ."

ಮೆತ್ತಿದ ಮಣ್ಣು ಎರಡು ದಿನದ ಬಿಸಿಲಿಗೆ ಸಿಮೆಂಟಿನಂತಾಗಿತ್ತು. ಕೊಟ್ರಮ್ಮ ಚಿತ್ತಪ್ಪನ ಕಳೆ ತೆಗೆಯುವ ಕುರ್ಚಿಗೆಯಿಂದ ಅಂಚು ಬಿಡಿಸಿದಳು. ವಿರೂಪಾಕ್ಷಪ್ಪ ಮಾಳಿಗೆಯ ಮೂಲೆಯಲ್ಲಿ ನಿಂತು, ಮುಟ್ಟುವುದಿಲ್ಲವೆಂದು ಹೇಳಿದವರು, ಅವಳಿಂದ ಚಪ್ಪಡಿ ಅಲುಗದಿದ್ದಾಗ ಬಂದು ಒಂದು ಕಡೆ ಹಿಡಿದರು. ಕಲ್ಲು ಸರಿದಾಗ ಕೆಳಗಿನಿಂದ ಹಳಸಿದ ವಾಸನೆ ಎದ್ದಿತು. ಅಟ್ಟದ ಮೇಲೆ ಬೆಳಕಿನ ಚೌಕ ಬಿತ್ತು. ಅದರ ಅಂಚಿನಲ್ಲಿ ಮೂರು ಬಿಳಿ ಮುಖಗಳು ಒಂದಕ್ಕೊಂದು ಒತ್ತಿಕೊಂಡು ಮೇಲೆ ನೋಡಿದವು. ನಾಲ್ಕನೆಯದು ಅವುಗಳ ಕಾಲ ಬಳಿ ಕುತ್ತಿಗೆ ಚಾಚಿ ಮಲಗಿತ್ತು. ಕೊಟ್ರಮ್ಮ ಇನ್ನಷ್ಟು ಬಾಗಿ ನೋಡಿದಳು. ಅದರ ಬೆನ್ನಿನ ತುಪ್ಪಳ ಏರಿತು, ಇಳಿಯಿತು.

ಹೊಸ ಇಲಿಗಳನ್ನು ಅವಳು ಕಡ್ಡಿಯಿಂದ ಒಳಗೆ ತಳ್ಳಿದಳು. ದೊಡ್ಡ ಮರಿಯೊಂದು ಮುಂದೆ ಬಂದು ಒಂದನ್ನು ಕಾಲಲ್ಲಿ ಒತ್ತಿಕೊಂಡಿತು. ಅಷ್ಟೇ. ಉಳಿದವು ಅಲ್ಲಾಡಲಿಲ್ಲ. ಇನ್ನು ತಾಯಿ ಬರಬೇಕು. ಎರಡು ರಾತ್ರಿ ಮುಚ್ಚಿದ ಬಾಗಿಲಿಗೆ ಬಂದು ಹೋದ ತಾಯಿ ಮೂರನೆಯ ಸಂಜೆಯೂ ಬರುತ್ತದೆಯೋ ಇಲ್ಲವೋ, ಅದನ್ನು ಮಾತ್ರ ಯಾರಿಂದಲೂ ಕೇಳಿ ತಿಳಿಯುವಂತಿರಲಿಲ್ಲ.

ಸೂರ್ಯ ಇಳಿಯುವ ಹೊತ್ತಿಗೆ ಚಿತ್ತಪ್ಪನ ತಾರಸಿಯಲ್ಲಿ ಐದು ಜನರಿದ್ದರು. ನಿರ್ಮಲಮ್ಮ, ಸೊಸೆ ಮೆಟ್ಟಿಲು ಹತ್ತುವಾಗ ಕೈ ಹಿಡಿಯಲು ಬಂದೆ ಎಂದು ಹೇಳಿ, ಇಳಿಯದೆ ಕೂತುಬಿಟ್ಟಿದ್ದರು. ಕೊಟ್ರಮ್ಮ ಎಲ್ಲರನ್ನೂ ನೀರಿನ ಟ್ಯಾಂಕಿನ ಹಿಂದೆ ಕೂರಿಸಿದಳು.

"ಬೀಡಿ ಹಚ್ಚಬ್ಯಾಡ್ರಿ ಚಿತ್ತಪ್ಪಣ್ಣ."

"ಗೂಬೆಗೂ ನಮ್ಮನೆಯಾಕೆ ಬುದ್ಧಿನೇ ಐತಲ್ಲ, ಬೀಡಿ ಅಂದ್ರೆ ಆಗಲ್ಲ" ಎಂದು ಅವನು ಬೀಡಿ ಕಿವಿಗೆ ಸಿಕ್ಕಿಸಿಕೊಂಡ.

ಹೊಲಗಳ ಕಡೆಯಿಂದ ಕುರಿಗಳು ಊರಿಗೆ ಬಂದವು. ಧೂಳು ಏರಿ ಇಳಿಯಿತು. ಬೀದಿ ದೀಪ ಹೊತ್ತಿಕೊಂಡಿತು. ಆಗ ಸದ್ದಿಲ್ಲದೆ, ಯಾರೋ ಬಿಳಿ ಬಟ್ಟೆಯನ್ನು ಗಾಳಿಗೆ ಬಿಟ್ಟ ಹಾಗೆ, ಅದು ಮಾಳಿಗೆ ಪಕ್ಕದ ಬೇವಿನ ಮರಕ್ಕೆ ಬಂದು ಕೂತಿತು. ಬಾಯಲ್ಲಿ ಇಲಿ ಇತ್ತು. ಕೂತೇ ಇತ್ತು. ಕಲ್ಲಿಲ್ಲದ ಜಾಗವನ್ನು ನೋಡುತ್ತಾ ತಲೆಯನ್ನು ಆ ಕಡೆ ಈ ಕಡೆ ವಾಲಿಸಿತು. ಒಮ್ಮೆ ಹಾರಿ ಮಾಳಿಗೆಯ ಮೇಲೆ ಸುತ್ತು ಹಾಕಿ, ಮತ್ತೆ ಮರಕ್ಕೇ ಹೋಯಿತು.

"ಹೋಗೆ ತಾಯಿ" ಎಂದು ಯಾರೋ ಪಿಸುಗುಟ್ಟಿದರು. ನಿರ್ಮಲಮ್ಮ.

ಕೆಳಗಿನಿಂದ ಒಂದು ಬುಸು ಕೇಳಿತು. ತೀರ ಸಣ್ಣದು, ಹರಿದ ಸೈಕಲ್ ಟ್ಯೂಬಿನ ಗಾಳಿಯಂಥದ್ದು. ಅದು ಸಾಕಾಯಿತು. ಗೂಬೆ ಮರದಿಂದ ನೇರ ಇಳಿದು, ಚೌಕದ ಕತ್ತಲೆಯೊಳಗೆ ಕಾಲು ಮುಂದೆ ಮಾಡಿ ಮಾಯವಾಯಿತು. ಮರುಗಳಿಗೆಯಲ್ಲಿ ಒಳಗೆ ಎದ್ದ ಗದ್ದಲಕ್ಕೆ ಚಿತ್ತಪ್ಪ ಬೆಚ್ಚಿ ಹಿಂದೆ ಸರಿದ. ನಾಲ್ಕು ಕುಕ್ಕರು ಒಟ್ಟಿಗೆ ಕೂಗಿದ ಹಾಗಿತ್ತು.

ಕೊಟ್ರಮ್ಮ ಟ್ಯಾಂಕಿಗೆ ಒರಗಿ ಕೂತಳು. ಎರಡನೆಯದು ಬಂತು, ಗಂಡಿರಬೇಕು. ಮತ್ತೆ ಮೊದಲಿನದು. ನಿರ್ಮಲಮ್ಮ ಬೆರಳು ಮಡಚುತ್ತಿದ್ದರು. ಆರನೆಯ ಇಲಿಗೆ ಗದ್ದಲ ಸ್ವಲ್ಪ ತಗ್ಗಿತು. ಹತ್ತನೆಯದಕ್ಕೆ ಒಳಗಿನಿಂದ ಗೊಣಗಾಟ ಮಾತ್ರ ಬಂತು.

"ಇಷ್ಟು ಇಲಿ ನಮ್ಮ ಮನೆ ಸುತ್ತಾನೇ ಇದ್ವಾ?" ಎಂದರು ವಿರೂಪಾಕ್ಷಪ್ಪ.

"ನಿಮ್ಮ ಗೋದಾಮಿಂದ ಬರ್ತಾವೆ" ಎಂದ ಚಿತ್ತಪ್ಪ. "ನಾನು ಹೇಳಿದ್ರೆ ಬೇಜಾರಾಗ್ತೀರಿ ಅಂತ ಸುಮ್ಕಿದ್ದೆ."

ಮರುದಿನ ಬೆಳಿಗ್ಗೆ ಗಾರ್ಡ್ ಬಂದು ಇಣುಕಿದಾಗ ನಾಲ್ಕೂ ನಿಂತಿದ್ದವು. ಮಲಗಿದ್ದ ಮರಿ ಎಲ್ಲರಿಗಿಂತ ಹೆಚ್ಚು ಸಿಟ್ಟಿನಲ್ಲಿತ್ತು.

ವಾರದ ಮೇಲೆ ಹೇಮಾವತಿ ಹೆರಿಗೆಗೆಂದು ನ್ಯಾಮತಿಗೆ ಹೋದಳು. ಅಲ್ಲಿಂದ ಆಗಾಗ ಫೋನ್ ಬರುತ್ತಿತ್ತು. "ಎಷ್ಟು ಅವೆ ಅಕ್ಕ?" ಎಂದು ಅವಳು ಕೇಳುವಳು. "ಬಿ.ಪಿ. ಎಷ್ಟೈತೆ?" ಎಂದು ಇವಳು ಕೇಳುವಳು. ಎರಡೂ ಕಡೆಯ ಉತ್ತರ ಬರುವವರೆಗೆ ಇಬ್ಬರೂ ಫೋನ್ ಇಡುತ್ತಿರಲಿಲ್ಲ. ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಸುದ್ದಿ ಕೇಳಿದ ಕೊಟ್ರಮ್ಮ, ಹಟ್ಟಿಯೊಂದರ ನಡುಬೀದಿಯಲ್ಲಿ ಮೊಪೆಡ್ ನಿಲ್ಲಿಸಿ, ಅಲ್ಲಿದ್ದ ಕಟ್ಟೆಯ ಮೇಲೆ ಸುಮ್ಮನೆ ಸ್ವಲ್ಪ ಹೊತ್ತು ಕೂತಿದ್ದಳು.

ಮರಿಗಳು ಹಾರಲು ಕಲಿತ ಮೇಲೂ ಹಗಲು ಮಲಗಲು ಅಟ್ಟಕ್ಕೇ ಬರುತ್ತಿದ್ದವು. ಚಿತ್ತಪ್ಪ ದಿನಾ ವರದಿ ಕೊಡುತ್ತಿದ್ದ. ಒಂದು ಹೋಯಿತು. ಇನ್ನೊಂದು ಹೋಯಿತು. ಬೀಗ ಹಾಕಿದ ಮನೆಯ ಮೀಟರಿನಲ್ಲಿ ಅಂಕಿ ಕದಲಲಿಲ್ಲ. ಜನವರಿಯ ಕೊನೆಯಲ್ಲಿ ಒಂದು ಸಂಜೆ ಕೊನೆಯದೂ ಹೊರಟು, ಮೂರು ದಿನವಾದರೂ ತಿರುಗಿ ಬರಲಿಲ್ಲ. ಕೊಟ್ರಮ್ಮ ಮಾಳಿಗೆ ಹತ್ತಿ, ಟಾರ್ಚ್ ಬಿಟ್ಟು ಮೂಲೆ ಮೂಲೆ ನೋಡಿ, ಅಲ್ಲಿಂದಲೇ ವಿರೂಪಾಕ್ಷಪ್ಪನವರಿಗೆ ಫೋನ್ ಮಾಡಿದಳು.

"ಹೋದ್ವು ಅಣ್ಣ."

"ಎಲ್ಲಾನಾ? ಸರಿಯಾಗಿ ನೋಡಿದೆಯಾ?"

"ನಾಲ್ಕೂ ಹೋದ್ವು. ಅಟ್ಟ ಖಾಲಿ ಐತೆ. ಇವತ್ತಿಂದ ನಿಮ್ಮ ಲೆಕ್ಕ."

ಆ ಕಡೆ ಪಂಚಾಂಗದ ಹಾಳೆ ಮಗುಚಿದ ಸದ್ದು ಕೇಳಿತು. ತಿಥಿ, ನಕ್ಷತ್ರ ಅವರು ಬಾಯಲ್ಲೇ ಹೇಳಿಕೊಂಡರು. ಮಾತು ಮುಗಿಯಿತೆಂದು ಅವಳು ಫೋನ್ ಇಡಬೇಕು ಅನ್ನುವಷ್ಟರಲ್ಲಿ ಅವರ ದನಿ ಮತ್ತೆ ಬಂತು, ಪಕ್ಕದಲ್ಲಿದ್ದವರಿಗೆ ಕೇಳಬಾರದೆಂಬಂತೆ ಮೆತ್ತಗೆ.

"ಹೊಟ್ಟೆ ತುಂಬಿಸ್ಕೊಂಡು ಹೋದ್ವಾ?"

"ತುಂಬಿಸ್ಕೊಂಡೇ ಹೋದ್ವು" ಎಂದಳು ಕೊಟ್ರಮ್ಮ.